ತಾಯಿ ಕಾರ್ಡಿನಲ್ಲಿ ಒಂದು ಸಾಲಿಗೆ ಜಾಗ ಕೊಡಿ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ವಿಷಯ: ಅವಳಿ ಬಸಿರಿನಲ್ಲಿ ಹೊರಪೊರೆಯ ದಾಖಲೆ, ಮತ್ತು ಅವಳಿಗಳಲ್ಲಿ ಒಬ್ಬರಿಗೆ ಆಟಿಸಂ ಕಂಡಾಗ ಇನ್ನೊಬ್ಬರ ತಪಾಸಣೆ.

ಮಾನ್ಯರೇ,

ಮೂರು ವರ್ಷದ ಅವಳಿ ಗಂಡುಮಕ್ಕಳಲ್ಲಿ ಒಬ್ಬನಿಗೆ ಆಟಿಸಂ (ಮಾತು, ಬೆರೆಯುವಿಕೆ, ನಡವಳಿಕೆ ಬೇರೆಯಾಗಿರುವ ಬೆಳವಣಿಗೆಯ ತೊಂದರೆ) ಎಂದು ಗೊತ್ತಾದ ಕೂಡಲೇ ತಾಯಿ ಕೇಳುವುದು, ‘ಮತ್ತ ಇವನದು ಹೆಂಗ್ರಿ?’ ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕಾದರೆ ಮೊದಲು ತಿಳಿಯಬೇಕಾದದ್ದು ಇಷ್ಟೇ: ಇವರು ಒಂದೇ ಅಂಡದಿಂದ ಹುಟ್ಟಿದ ಅವಳಿಗಳೋ, ಎರಡು ಅಂಡದವರೋ. ಫೈಲು ಬಿಚ್ಚಿದರೆ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಚುಚ್ಚುಮದ್ದಿನ ತಾರೀಖು, ಕಬ್ಬಿಣದ ಮಾತ್ರೆಯ ಲೆಕ್ಕ ಎಲ್ಲವೂ ಇರುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಅವಳಿ, ಎರಡಕ್ಕೂ ಹೃದಯ ಬಡಿತ ಇದೆ’ ಎಂದಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ತೂಕ, ಎರಡು ಸಮಯ. ನಮಗೆ ಬೇಕಾದ ಸಾಲು, ಅಂದರೆ ಹೊರಪೊರೆ ಒಂದೋ ಎರಡೋ ಎಂಬುದು, ಎಲ್ಲಿಯೂ ಇರುವುದಿಲ್ಲ. ಮಾಸು ಆಸ್ಪತ್ರೆ ಕಸದ ಹಳದಿ ಚೀಲ ಸೇರಿ ಮೂರು ವರ್ಷವಾಗಿರುತ್ತದೆ, ಅದನ್ನು ಕೇಳುವಂತಿಲ್ಲ.

ಮಕ್ಕಳ ಬೆಳವಣಿಗೆ, ಮಾತು-ಶ್ರವಣ ಮತ್ತು ಬಾಣಂತಿಯರ ಆರೈಕೆಯಲ್ಲಿ ಕೆಲಸ ಮಾಡುವ ನಾವು ಕೆಲವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ಯಾವ ಒಂದು ಆಸ್ಪತ್ರೆ, ಯಾವ ಒಂದು ಸ್ಕ್ಯಾನಿಂಗ್ ಕೇಂದ್ರದ ಮೇಲೂ ದೂರಲ್ಲ. ಬರೆಯಬೇಕಾದ ಜಾಗವನ್ನೇ ಕಾಗದದಲ್ಲಿ ಬಿಡದಿದ್ದರೆ ಬರೆಯುವವರಾದರೂ ಎಲ್ಲಿ ಬರೆದಾರು?

ಆ ಸಾಲು ಯಾವುದು, ಅದನ್ನು ಯಾವಾಗ ಬರೆಯಬೇಕು ಎಂಬುದನ್ನು ಮೊದಲು ಹೇಳುತ್ತೇವೆ. ಗರ್ಭದ ಹೊರಪೊರೆಗೆ ಕೋರಿಯಾನ್ ಎನ್ನುತ್ತಾರೆ. ಒಂದೇ ಅಂಡ ಫಲಿತವಾಗಿ ಮೊದಲ ಮೂರು ದಿನದೊಳಗೆ ಒಡೆದರೆ ಎರಡು ಕೂಸಿಗೂ ಬೇರೆ ಬೇರೆ ಹೊರಪೊರೆ ಬರುತ್ತದೆ. ನಾಲ್ಕರಿಂದ ಎಂಟನೇ ದಿನದ ನಡುವೆ ಒಡೆದರೆ ಹೊರಪೊರೆ ಒಂದೇ, ಒಳಚೀಲ ಎರಡು. ಇನ್ನೂ ತಡವಾದರೆ ಒಳಚೀಲವೂ ಒಂದೇ. ಒಂದೇ ಅಂಡದ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರದು ಒಂದೇ ಹೊರಪೊರೆ. ಎರಡು ಅಂಡದವರದು ಯಾವಾಗಲೂ ಎರಡು ಎನ್ನಬಹುದು. ಹಾಗಾಗಿ ಹೊರಪೊರೆ ಒಂದೇ ಎಂದು ಖಾತ್ರಿಯಾದರೆ ಮಕ್ಕಳು ಒಂದೇ ಅಂಡದವರು ಎಂದೇ ಹಿಡಿಯಬಹುದು. ಹೊರಪೊರೆ ಎರಡಿದ್ದು, ಕೂಸುಗಳು ಒಂದು ಗಂಡು ಒಂದು ಹೆಣ್ಣಾದರೆ ಎರಡು ಅಂಡದವರು. ಹೊರಪೊರೆ ಎರಡಿದ್ದು, ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣಾದರೆ ಮಾತ್ರ ಗಂಟು ಉಳಿಯುತ್ತದೆ. ಅದನ್ನು ಬಿಡಿಸಲು ಡಿಎನ್‌ಎ ಪರೀಕ್ಷೆ ಬೇಕು. ಮುಖ ನೋಡಿ ಹೇಳುವ ತೀರ್ಮಾನ ನಂಬತಕ್ಕದ್ದಲ್ಲ, ಅದರಲ್ಲೂ ಎಳೆಗೂಸುಗಳಲ್ಲಿ.

ಇದು ಚೆನ್ನಾಗಿ ಕಾಣುವುದು 11ರಿಂದ 14ನೇ ವಾರದ ಸ್ಕ್ಯಾನಿನಲ್ಲಿ. ಎರಡು ಚೀಲಗಳ ನಡುವಿನ ಪರದೆ ಮಾಸನ್ನು ಮುಟ್ಟುವ ಜಾಗಕ್ಕೆ ಪ್ರೋಬ್ ತರಬೇಕು. ಅಲ್ಲಿ ಮಾಸಿನ ಅಂಗಾಂಶ ಪರದೆಯೊಳಗೆ ತ್ರಿಕೋನವಾಗಿ ಏರಿದ್ದರೆ, ಹೊಲದ ಬದು ಬುಡದಲ್ಲಿ ಅಗಲವಾಗಿ ಮೇಲೆ ಹೋದಂತೆ ಸಣ್ಣಗಾಗುವ ಹಾಗೆ ಕಂಡರೆ, ಅದು ಲ್ಯಾಂಬ್ಡಾ ಚಿಹ್ನೆ, ಅಂದರೆ ಹೊರಪೊರೆ ಎರಡು. ಪರದೆ ನೂಲಿನಂತೆ ತೆಳ್ಳಗಿದ್ದು ಮಾಸಿಗೆ ನೇರವಾಗಿ ಬಂದು ತಾಗಿದ್ದರೆ ಟಿ ಚಿಹ್ನೆ, ಹೊರಪೊರೆ ಒಂದೇ. ಒಂದು ಚಿತ್ರ ನಿಲ್ಲಿಸಿ ಪ್ರಿಂಟ್ ತೆಗೆದರೆ ಸಾಕು.

ತಪ್ಪಾಗುವುದು ಎರಡು ಕಡೆ. ಒಂದು, ‘ಮಾಸು ಒಂದೇ’ ಎಂದು ಬರೆದು ಬಿಡುವುದು. ಎರಡು ಮಾಸುಗಳು ಪಕ್ಕಪಕ್ಕದಲ್ಲಿ ಬೆಳೆದು ಕೂಡಿಕೊಂಡರೆ ಒಂದೇ ಎಂಬಂತೆ ಕಾಣುತ್ತವೆ, ಆದರೆ ಹೊರಪೊರೆ ಎರಡೇ ಇರುತ್ತದೆ. ಆದ್ದರಿಂದ ಎಣಿಸಬೇಕಾದದ್ದು ಮಾಸನ್ನಲ್ಲ, ನೋಡಬೇಕಾದದ್ದು ಪರದೆಯ ಬುಡವನ್ನು. ಎರಡು, ಮೊದಲ ಸ್ಕ್ಯಾನೇ ಐದನೇ ತಿಂಗಳಲ್ಲಿ ಆಗುವುದು. ನಮ್ಮ ಕಡೆ ಕಬ್ಬಿನ ಕಟಾವಿಗೆ ಹೋಗುವ ಮನೆಗಳಲ್ಲಿ ಇದು ಮಾಮೂಲು. ಅಷ್ಟು ಹೊತ್ತಿಗೆ ಕೆಲವರಲ್ಲಿ ಆ ತ್ರಿಕೋನ ಕರಗಿರುತ್ತದೆ. ತಡವಾಗಿ ನೋಡಿದಾಗಲೂ ಲ್ಯಾಂಬ್ಡಾ ಕಂಡರೆ ನಂಬಬಹುದು, ಕಾಣದಿದ್ದರೆ ‘ಒಂದೇ’ ಎಂದು ಬರೆಯುವಂತಿಲ್ಲ. ‘ತಿಳಿಯಲಿಲ್ಲ’ ಎಂದು ಬರೆಯಬೇಕು. ಆಗ ಹೆರಿಗೆ ಕೋಣೆಯಲ್ಲಿ ಇನ್ನೊಂದು ಅವಕಾಶವಿದೆ. ಮಾಸು ಬಂದ ಮೇಲೆ ನಡುವಿನ ಪರದೆಯನ್ನು ಬೆರಳಿನಿಂದ ಮೆಲ್ಲಗೆ ಸುಲಿದು ನೋಡಬೇಕು. ಎರಡೂ ಕಡೆಯ ಪಾರದರ್ಶಕ ಪದರಗಳ ನಡುವೆ ಮಬ್ಬಾದ, ದಪ್ಪನೆಯ ಪೊರೆ ಸಿಕ್ಕರೆ ಹೊರಪೊರೆ ಎರಡು. ಏನೂ ಸಿಗದೆ ಎರಡು ತೆಳುಪದರಗಳು ಮಾತ್ರ ಬೇರೆಯಾದರೆ ಒಂದು. ಅನುಭವಿ ಸ್ಟಾಫ್ ನರ್ಸ್‌ಗೆ ಎರಡು ನಿಮಿಷದ ಕೆಲಸ.

ಗರ್ಭದೊಳಗಿನ ಇಂಥ ವಿವರ ಬರೆದರೆ ಪಿಸಿಪಿಎನ್‌ಡಿಟಿ ಕಾಯ್ದೆಗೆ ಸಿಕ್ಕಿಕೊಳ್ಳುತ್ತೇವೆ ಎಂದು ಕೆಲವು ಕಡೆ ಅಂಜಿಕೆ ಇದೆ. 1994ರ ಆ ಕಾಯ್ದೆ ತಡೆಯುವುದು ಲಿಂಗ ಬಹಿರಂಗಪಡಿಸುವುದನ್ನು. ಹೊರಪೊರೆ ಒಂದೋ ಎರಡೋ ಎಂಬುದರಿಂದ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ತಾವು ಒಂದು ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದರೆ ಅಂಜಿಕೆ ಮುಗಿಯಿತು.

ಈ ಸಾಲು ಬಸಿರಿನಲ್ಲಿಯೇ ಜೀವ ಉಳಿಸುವಂಥದ್ದು. ಒಂದೇ ಹೊರಪೊರೆಯ ಅವಳಿಗಳಲ್ಲಿ ನೂರಕ್ಕೆ 10ರಿಂದ 15 ಬಸಿರುಗಳಲ್ಲಿ ಮಾಸಿನ ರಕ್ತನಾಳಗಳ ಮೂಲಕ ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿಯುವ ತೊಂದರೆ ಬರುತ್ತದೆ. ಅದಕ್ಕೇ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಪ್ರಸೂತಿ ತಜ್ಞರಿಗೆ ಇದು ಹೊಸದಲ್ಲ. ನಾವು ಹೇಳಬಂದದ್ದು ಅದೇ ಸಾಲು ಮೂರು ವರ್ಷದ ಮೇಲೆ ಮತ್ತೊಮ್ಮೆ ಏಕೆ ಬೇಕಾಗುತ್ತದೆ ಎಂಬುದನ್ನು.

ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ಮೊದಲು ಗಟ್ಟಿಯಾಗಿ ಕಂಡದ್ದೇ ಅವಳಿಗಳಲ್ಲಿ. 1977ರಲ್ಲಿ ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಜೋಡಿಗಳನ್ನು ನೋಡಿದರು. ಒಂದೇ ಅಂಡದ 11 ಜೋಡಿಗಳಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಎರಡು ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ತಾಯಿಗೆ ಮಮತೆ ಇಲ್ಲದಿರುವುದರಿಂದ ಮಗು ಹೀಗಾಗುತ್ತದೆ ಎಂದು ದೊಡ್ಡ ದೊಡ್ಡವರು ಬರೆಯುತ್ತಿದ್ದ ಕಾಲವದು. ಆ ಮಾತಿನ ಬುಡ ಅಲುಗಿದ್ದು ಇಷ್ಟು ಸಣ್ಣ ಲೆಕ್ಕದಿಂದ. ನಮ್ಮಲ್ಲಿ ಇಂದಿಗೂ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಬಸುರಿಯಿದ್ದಾಗ ಮೊಬೈಲ್ ನೋಡಿದಳು ಎಂದು ಸೊಸೆಯ ಮೇಲೆ ಹಾಕುವವರಿದ್ದಾರೆ. (ಜೋಡಿ ಬಾಳೆಹಣ್ಣು ತಿಂದದ್ದಕ್ಕೇ ಅವಳಿ ಆಯಿತು ಎನ್ನುವವರೂ ಅವರೇ.)

ಮುಂದೆ ಲಕ್ಷಣಗಳ ವ್ಯಾಖ್ಯೆ ಅಗಲವಾದಂತೆ ಅಂಕಿಗಳೂ ಏರಿದವು. ಕ್ಯಾಲಿಫೋರ್ನಿಯಾದ 192 ಜೋಡಿಗಳ 2011ರ ಅಧ್ಯಯನದಲ್ಲಿ, ಒಬ್ಬನಿಗೆ ಆಟಿಸಂ ವ್ಯಾಪ್ತಿಯ ತೊಂದರೆ ಇದ್ದಾಗ ಇನ್ನೊಬ್ಬನಿಗೂ ಇರುವ ಪ್ರಮಾಣ ಒಂದೇ ಅಂಡದ ಗಂಡು ಅವಳಿಗಳಲ್ಲಿ ಶೇ 77, ಎರಡು ಅಂಡದ ಗಂಡು ಅವಳಿಗಳಲ್ಲಿ ಶೇ 31. ಅವಳಿಯಲ್ಲದ ತಮ್ಮ-ತಂಗಿಯರಲ್ಲಿ ಮರುಕಳಿಸುವುದು ಸುಮಾರು ಐವರಲ್ಲಿ ಒಬ್ಬರಿಗೆ. 2011ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅದು ಶೇ 18.7. ತಾಯಿಯ ಆ ಪ್ರಶ್ನೆಗೆ ಉತ್ತರ ಇಲ್ಲಿದೆ. ಯಾವ ಉತ್ತರ ಹೇಳಬೇಕು ಎಂಬುದು ಮಾತ್ರ ಬರೆಯದೆ ಬಿಟ್ಟ ಆ ಸಾಲಿನಲ್ಲಿದೆ.

ಅಂಕಿಗಳನ್ನು ಹೇಳುವಾಗ ಎಚ್ಚರ ಬೇಕು. ಕ್ಯಾಲಿಫೋರ್ನಿಯಾದ ಅದೇ 2011ರ ಅಧ್ಯಯನ ವಂಶವಾಹಿಗಳ ಪಾಲನ್ನು ಶೇ 40ಕ್ಕಿಂತ ಕಡಿಮೆ ಎಂದಿತು, ಅವಳಿಗಳಿಬ್ಬರೂ ಹಂಚಿಕೊಂಡ ಪರಿಸರದ ಪಾಲನ್ನು ಅರ್ಧಕ್ಕಿಂತ ಹೆಚ್ಚು ಎಂದಿತು. ಡೆನ್ಮಾರ್ಕ್, ಫಿನ್‌ಲ್ಯಾಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಸುಮಾರು 20 ಲಕ್ಷ ಮಕ್ಕಳ ದಾಖಲೆ ನೋಡಿದ 2019ರ ಅಧ್ಯಯನ ವಂಶವಾಹಿಗಳ ಪಾಲು ಸುಮಾರು ಶೇ 80 ಎಂದಿತು. ಈಗ ಹೆಚ್ಚಿನವರು ಒಪ್ಪುವುದು ಎರಡನೆಯದರ ಹತ್ತಿರದ ಅಂಕಿಯನ್ನು. ಆದರೆ ಶೇ 80 ಎಂದರೆ ಒಂದು ಮಗುವಿನ ಆಟಿಸಂನಲ್ಲಿ ಎಂಬತ್ತು ಪಾಲು ವಂಶದ್ದು, ಇಪ್ಪತ್ತು ಪಾಲು ಬೇರೆಯದು ಎಂದಲ್ಲ. ವಿಜಯಪುರದ ಬಿಳಿಜೋಳವನ್ನೇ ನೋಡಿ. ಎಲ್ಲ ಹೊಲಕ್ಕೂ ಒಂದೇ ಎರೆಮಣ್ಣು, ಒಂದೇ ಹಿಂಗಾರಿ ಮಳೆ ಇದ್ದರೆ ಇಳುವರಿಯ ಹೆಚ್ಚು-ಕಡಿಮೆಗೆ ಬಹುಪಾಲು ಕಾರಣ ಬೀಜ. ಅರ್ಧ ಹೊಲಗಳಿಗೆ ಕಾಲುವೆ ನೀರು ಬಂದರೆ, ಅದೇ ಬೀಜ ಬಿತ್ತಿದ್ದರೂ, ನೀರಿನ ಪಾಲು ಏರುತ್ತದೆ. ಈ ಶೇಕಡಾ ಲೆಕ್ಕ ಸೀಮೆಯದು, ಒಂದು ತೆನೆಯದಲ್ಲ. ಮನೆಯವರ ಎದುರು ಒಂದು ತೆನೆಯ ಲೆಕ್ಕದಂತೆ ಹೇಳಿದರೆ ಅವರು ಒಂದೋ ಕೈಚೆಲ್ಲುತ್ತಾರೆ, ಇಲ್ಲ ಉಳಿದ ಇಪ್ಪತ್ತನ್ನು ಹುಡುಕಿಕೊಂಡು ದುಡ್ಡು ಸುರಿಯುತ್ತಾರೆ.

ವಂಶದ್ದು ಎಂದರೆ ಅಪ್ಪ-ಅಮ್ಮನಿಂದಲೇ ಬಂದದ್ದು ಎಂದೂ ಅಲ್ಲ. ಕೆಲವು ಬದಲಾವಣೆಗಳು ತಂದೆಯ ವೀರ್ಯಾಣು ಅಥವಾ ತಾಯಿಯ ಅಂಡದಲ್ಲಿ ಹೊಸದಾಗಿ ಆಗುತ್ತವೆ. ತಂದೆಯ ವಯಸ್ಸು ಹೆಚ್ಚಿದಂತೆ ಅಂಥವೂ ಹೆಚ್ಚು. ಅಂಥ ಬದಲಾವಣೆ ಒಂದೇ ಅಂಡದ ಅವಳಿಗಳಿಬ್ಬರಿಗೂ ಬರುತ್ತದೆ, ಆದರೆ ಅಕ್ಕನಿಗೋ ಅಣ್ಣನಿಗೋ ಇರುವುದಿಲ್ಲ. ನಮ್ಮ ಭಾಗದಲ್ಲಿ ಸೋದರಮಾವ, ಅತ್ತೆಯ ಮಗನೊಂದಿಗೆ ಮದುವೆ ಸಾಮಾನ್ಯವಾದ್ದರಿಂದ ‘ಸಂಬಂಧದಲ್ಲಿ ಮದುವೆ’ ಎಂದು ಒಂದು ಸಾಲು ಗೀಚಿ ಫೈಲು ಮುಚ್ಚುವ ರೂಢಿ ಬೆಳೆದಿದೆ. ರಕ್ತಸಂಬಂಧದ ಮದುವೆಯಿಂದ ಇಬ್ಬರಲ್ಲೂ ಅಡಗಿರುವ ದೋಷ ಮಗುವಿನಲ್ಲಿ ಕೂಡುವ ಸಾಧ್ಯತೆ ಹೆಚ್ಚುತ್ತದೆ, ನಿಜ. ಅದು ತನಿಖೆಗೆ ಕಾರಣವಾಗಬೇಕು, ತನಿಖೆ ಬಿಡುವುದಕ್ಕಲ್ಲ.

ಇನ್ನು ಗರ್ಭ. ಅವಳಿಗಳು ಒಂದೇ ಗರ್ಭದಲ್ಲಿದ್ದರೂ ಇಬ್ಬರಿಗೂ ಸಮಪಾಲು ಸಿಗುವುದಿಲ್ಲ. ಒಂದೇ ಹೊರಪೊರೆಯವರಲ್ಲಿ ಒಬ್ಬನ ಹೊಕ್ಕುಳಬಳ್ಳಿ ಮಾಸಿನ ನಡುವೆ, ಇನ್ನೊಬ್ಬನದು ಅಂಚಿಗೆ ಅಂಟಿದ್ದರೆ ಮಾಸಿನ ಪಾಲೂ ರಕ್ತವೂ ಹೆಚ್ಚು-ಕಡಿಮೆ. ಒಬ್ಬ 2.2 ಕಿಲೋ, ಇನ್ನೊಬ್ಬ 1.6 ಕಿಲೋ ಹುಟ್ಟುತ್ತಾನೆ. ಅಂಡ ಒಡೆದ ಮೇಲೆ ಒಬ್ಬನಲ್ಲಿ ಮಾತ್ರ ಹೊಸ ಬದಲಾವಣೆಯೂ ಆಗಬಹುದು. ಆದ್ದರಿಂದಲೇ ಒಂದೇ ಅಂಡದ ಅವಳಿಗಳಲ್ಲಿ ಒಬ್ಬ ನಾಲ್ಕು ಮಾತಿನ ವಾಕ್ಯ ಹೇಳುತ್ತ ಶಾಲೆಗೆ ಹೋಗುತ್ತಾನೆ, ಇನ್ನೊಬ್ಬನಿಗೆ ಮಾತೇ ಬಂದಿರುವುದಿಲ್ಲ, ಆದರೂ ಇಬ್ಬರದೂ ಆಟಿಸಂ. ಹಗುರ ಇರುವವನು ‘ಚಲೋ ಇದ್ದಾನೆ’ ಎನಿಸಿಕೊಂಡು ತಪಾಸಣೆಯಿಂದ ತಪ್ಪಿಹೋಗುತ್ತಾನೆ.

ಬಸಿರಿನಲ್ಲಿ ತಡೆಯಬಹುದಾದ ಸಂಗತಿಗಳು ಕೆಲವೇ, ಆದರೆ ಖಚಿತವಾದವು. ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವ್ಯಾಲ್ಪ್ರೊಯೇಟ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಮದುವೆಯ ವಯಸ್ಸಿನ ಹುಡುಗಿಗೂ ಅದೇ ಬರೆಯುತ್ತಾರೆ. ಡೆನ್ಮಾರ್ಕಿನಲ್ಲಿ ಸುಮಾರು ಆರೂವರೆ ಲಕ್ಷ ಮಕ್ಕಳನ್ನು ನೋಡಿದ 2013ರ ಅಧ್ಯಯನದಲ್ಲಿ, ತಾಯಿ ಬಸಿರಿನಲ್ಲಿ ಆ ಔಷಧ ತೆಗೆದುಕೊಂಡ ಮಕ್ಕಳಲ್ಲಿ ಆಟಿಸಂ ಶೇ 4.4, ಉಳಿದವರಲ್ಲಿ ಶೇ 1.5. ಬೆನ್ನುಹುರಿಯ ದೋಷದ ಅಪಾಯ ಬೇರೆ. ಲೆವೆಟಿರಾಸೆಟಾಂ, ಲ್ಯಾಮೋಟ್ರಿಜಿನ್‌ನಂಥ ಬೇರೆ ಔಷಧ ಹೊಂದುವವರಿಗೆ ಬಸಿರಿಗೆ ಮೊದಲೇ ಅವಕ್ಕೆ ಬದಲಿಸಬೇಕು. ಬಸಿರಾದದ್ದು ತಿಳಿದ ಮೇಲೆ ಅಂಜಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ತಾಯಿ-ಕೂಸು ಇಬ್ಬರಿಗೂ ಅಪಾಯ. ಅದನ್ನೂ ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಬೇಕು.

ಇನ್ನೊಂದು ರುಬೆಲ್ಲಾ. ಗರ್ಭಕ್ಕೆ ರುಬೆಲ್ಲಾ ತಗುಲಿದ ಮಕ್ಕಳಲ್ಲಿ ಆಟಿಸಂ ಹೆಚ್ಚು ಎಂದು 1971ರಲ್ಲಿಯೇ ಸ್ಟೆಲ್ಲಾ ಚೆಸ್ ತೋರಿಸಿದ್ದರು. ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲೇ ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಆಗ ಇದೇ ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ವಾಟ್ಸ್ಆ್ಯಪಿನಲ್ಲಿ ಹರಿದಾಡಿತು. ಆ ಗಾಳಿಸುದ್ದಿಯ ಮೂಲವಾದ, 12 ಮಕ್ಕಳ ಮೇಲಿನ 1998ರ ಲೇಖನವನ್ನು ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಆಟಿಸಂಗೆ ಗೊತ್ತಿರುವ ಬೆರಳೆಣಿಕೆಯ ಗರ್ಭಕಾಲದ ಕಾರಣಗಳಲ್ಲಿ ಒಂದನ್ನು ತಡೆಯುವುದು ಆ ಲಸಿಕೆಯೇ.

ಈಗ ಅಂಗನವಾಡಿಗೆ ಬರೋಣ. ‘ಅವಳಿಗಳಿಗೆ ಮಾತು ತಡ’ ಎಂಬುದು ಅರ್ಧ ಸತ್ಯ. ಅವಳಿಗಳು ಹೆಚ್ಚಾಗಿ 37 ವಾರಕ್ಕೆ ಮೊದಲೇ ಹುಟ್ಟುತ್ತಾರೆ, ಇಬ್ಬರಿಗೂ ಬಿಡಿಬಿಡಿಯಾಗಿ ಮಾತು ಕೇಳುವುದು ಕಡಿಮೆ, ತಮ್ಮತಮ್ಮಲ್ಲೇ ಒಂದು ತೊದಲು ಭಾಷೆ ಕಟ್ಟಿಕೊಳ್ಳುತ್ತಾರೆ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಇನ್ನೊಂದು ಸಮಾಧಾನ ಸಿದ್ಧವಿರುತ್ತದೆ: ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಅದಕ್ಕೇ ಗೊಂದಲ. ಎರಡು ಭಾಷೆ ಆಟಿಸಂ ತರುವುದಿಲ್ಲ, ಕಣ್ಣುಗಳನ್ನೂ ಬೆರಳುಗಳನ್ನೂ ಮೂಕವಾಗಿಸುವುದಿಲ್ಲ. ನೋಡಬೇಕಾದದ್ದು ಮಾತನ್ನಷ್ಟೇ ಅಲ್ಲ. ಒಂದೂವರೆ ವರ್ಷದ ಇಬ್ಬರು ಅಂಗಳದಲ್ಲಿ ಕೂತಿದ್ದಾರೆ, ಬಾಗಿಲ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಯಿತು ಎನ್ನಿ. ಮಾತು ತಡವಾದ ಕೂಸು ಬೆರಳು ಮಾಡಿ ತೋರಿಸಿ, ತಿರುಗಿ ಅವ್ವನ ಮುಖ ನೋಡುತ್ತದೆ: ನೀನೂ ನೋಡಿದೆಯಾ ಎಂಬಂತೆ. ಇನ್ನೊಂದು ಕೂಸು ಟ್ರ್ಯಾಕ್ಟರಿನ ಗಾಲಿಯನ್ನು ಕಣ್ಣು ಮಿಟುಕಿಸದೆ ನೋಡುತ್ತದೆ, ಆದರೆ ತೋರಿಸುವುದೂ ಇಲ್ಲ, ತಿರುಗುವುದೂ ಇಲ್ಲ. ಹೆಸರು ಹಿಡಿದು ಕರೆದರೆ ಓಗೊಡುವುದಿಲ್ಲ. ತಿರುಗಿ ನೋಡುವ ಆ ಒಂದು ಗಳಿಗೆಯನ್ನು ಗುರುತಿಸಲು ಕಾರ್ಯಕರ್ತೆಯರಿಗೆ ಕಲಿಸಿದರೆ ತರಬೇತಿಯ ಮುಕ್ಕಾಲು ಪಾಲು ಮುಗಿದಂತೆ.

16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸುಳಿವು ಹುಡುಕುವ, 20 ಪ್ರಶ್ನೆಗಳ ಎಂ-ಚಾಟ್ ಎಂಬ ಪಟ್ಟಿ ಇದೆ. 3ರಿಂದ 7 ಅಂಕ ಬಂದರೆ ಮರುಪ್ರಶ್ನೆ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ಶಿಫಾರಸು. ಅವಳಿಗಳಲ್ಲಿ ಇಲ್ಲಿ ಎಡವುವುದು ವಯಸ್ಸಿನಲ್ಲಿ. 32 ವಾರಕ್ಕೆ ಹುಟ್ಟಿದ ಕೂಸಿಗೆ ಎರಡು ವರ್ಷದವರೆಗೆ 8 ವಾರ ಕಳೆದು ಲೆಕ್ಕ ಹಿಡಿಯಬೇಕು. ಕಳೆಯದಿದ್ದರೆ ಇಲ್ಲದ ತೊಂದರೆ ಕಾಣುತ್ತದೆ. ಹಾಗೆಂದು ಮೂರು ವರ್ಷದ ಮಗುವಿಗೂ ‘ದಿನ ತುಂಬದೆ ಹುಟ್ಟಿದ್ದು’ ಎಂಬ ನೆಪ ಮುಂದುವರಿಸಿದರೆ ಇರುವ ತೊಂದರೆ ಕಾಣುವುದಿಲ್ಲ. ಶಿಫಾರಸಿನ ಮೊದಲ ಮೆಟ್ಟಿಲು ಕಿವಿಯ ಪರೀಕ್ಷೆ. ಅವಧಿಪೂರ್ವ ಅವಳಿಗಳಲ್ಲಿ ಅದನ್ನು ಬಿಡಲೇಬಾರದು.

ಮೂರು ವರ್ಷ ದಾಟಿದ ಮೇಲೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಆಟಿಸಂ ತೀವ್ರತೆ ಅಳೆಯುವ ಐಸಾ ಮಾಪಕ: 40 ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಇದನ್ನು ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯಾಗಿ ಕೂರಿಸಿ ತುಂಬಬೇಕು. ಒಬ್ಬನ ಹಾಳೆ ಪಕ್ಕದಲ್ಲಿಟ್ಟುಕೊಂಡು ಇನ್ನೊಬ್ಬನದನ್ನು ‘ಇವನೂ ಹಾಗೇ’ ಎಂದು ತುಂಬಿದ ಹಾಳೆಗಳನ್ನು ಕಂಡಿದ್ದೇವೆ. ಹಗುರವಿದ್ದವನಿಗೆ ತೀವ್ರ, ತೀವ್ರವಿದ್ದವನಿಗೆ ಹಗುರ ಎಂದಾದರೆ ಮುಂದೆ ಶಾಲೆ, ಥೆರಪಿ, ಪಿಂಚಣಿ ಎಲ್ಲವೂ ಅದರ ಹಿಂದೆ ತಪ್ಪುತ್ತವೆ.

ಆಟಿಸಂಗೆ ವಂಶವಾಹಿ ಕಾರಣ ಹುಡುಕುವ ರಕ್ತಪರೀಕ್ಷೆಯಲ್ಲಿ ಆಗುವ ಪೋಲು ಇನ್ನೊಂದು ಬಗೆಯದು. ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುವ ಕ್ಯಾರಿಯೋಟೈಪ್ ಒಂದನ್ನೇ ಬರೆದರೆ ಅವುಗಳ ಸಣ್ಣ ತುಂಡು ಬಿದ್ದುಹೋದದ್ದು ಕಾಣದು. ಮೊದಲು ಬೇಕಾದದ್ದು ಅಂಥ ಸಣ್ಣ ತುಂಡುಗಳನ್ನೂ ಹಿಡಿಯುವ ಕ್ರೋಮೋಸೋಮ್ ಮೈಕ್ರೋಅರೇ, ಮತ್ತು ಎಕ್ಸ್ ಕ್ರೋಮೋಸೋಮಿನ ಒಂದು ವಂಶವಾಹಿಯ ದೋಷ ನೋಡುವ ಫ್ರಜೈಲ್ ಎಕ್ಸ್ ಪರೀಕ್ಷೆ. ಇವೆರಡಕ್ಕೂ ನೇರಳೆ ಮುಚ್ಚಳದ ಇಡಿಟಿಎ ನಳಿಕೆ, ಕ್ಯಾರಿಯೋಟೈಪಿಗೆ ಹಸಿರು ಮುಚ್ಚಳದ ಹೆಪಾರಿನ್ ನಳಿಕೆ. ನಳಿಕೆ ತಪ್ಪಿದರೆ ಬೆಂಗಳೂರಿನಿಂದ ವಾಪಸು ಬರುತ್ತದೆ, ಮಗುವಿಗೆ ಮತ್ತೆ ಸೂಜಿ. ಅವಳಿಗಳು ಒಂದೇ ಅಂಡದವರೋ ಎಂದು ನೋಡುವ ಡಿಎನ್‌ಎ ಪರೀಕ್ಷೆಗೆ ಮಾತ್ರ ರಕ್ತಕ್ಕಿಂತ ಕೆನ್ನೆಯ ಒಳಗಿನ ಸ್ವಾಬ್ ಲೇಸು. ಗರ್ಭದಲ್ಲಿ ರಕ್ತ ಬೆರೆತಿದ್ದರೆ ರಕ್ತದ ವರದಿ ದಾರಿ ತಪ್ಪಿಸಬಹುದು.

ಹಾಗಾಗಿ ನಮ್ಮ ಕೋರಿಕೆ. ತಾಯಿ ಕಾರ್ಡಿನ ಮುಂದಿನ ಮುದ್ರಣದಲ್ಲಿ ಅವಳಿ ಬಸಿರಿಗೆ ಒಂದು ಸಾಲು ಬೇಕು, ಅದನ್ನು ಮಗುವಿನ ಕಾರ್ಡಿಗೂ ಇಳಿಸಬೇಕು. ಅವಳಿಗಳಲ್ಲಿ ಒಬ್ಬರ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಶಿಫಾರಸು ಚೀಟಿಗೆ ಬಂದರೆ ಅದೇ ಚೀಟಿಯಲ್ಲಿ ಇನ್ನೊಬ್ಬರ ಹೆಸರೂ ಇರಬೇಕು, ಹೆಣ್ಣು-ಗಂಡು ಅವಳಿಯಾದರೂ ಸರಿ. ಇಬ್ಬರನ್ನೂ ಜಿಲ್ಲಾ ಶೀಘ್ರ ಪತ್ತೆ ಕೇಂದ್ರಕ್ಕೆ ಒಂದೇ ದಿನ ಕರೆಯಬೇಕು. ಅಥಣಿಯಿಂದ ಬೆಳಗಾವಿಗೆ ಎರಡು ಸಲ ಅಲೆಯುವ ತಾಯಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಉಳಿದರೂ ಎರಡು ದಿನದ ಕೂಲಿ ಉಳಿಯುವುದಿಲ್ಲ. ಮೊದಲ ತಪಾಸಣೆಯಲ್ಲಿ ಎರಡನೆಯವನು ಸರಿ ಎನಿಸಿದರೂ ಮೂರು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ನೋಡಬೇಕು. ಅಂಗನವಾಡಿಗೆ ಆ ತಂಡ ವರ್ಷಕ್ಕೆ ಎರಡು ಸಲ ಹೇಗೂ ಬರುತ್ತದೆ, ಹೊಸ ಖರ್ಚಿಲ್ಲ.

ಒಂದು ಎಚ್ಚರಿಕೆ. ಬಸುರಿಯ ಎದುರು ಈ ಸಾಲಿಗೂ ಆಟಿಸಂಗೂ ನಂಟು ಹಚ್ಚಿ ಮಾತಾಡಬಾರದು. ಸ್ಕ್ಯಾನಿನಲ್ಲಿ ಆಟಿಸಂ ಕಾಣುವುದಿಲ್ಲ, ಹೊರಪೊರೆ ಒಂದೇ ಎಂದ ಮಾತ್ರಕ್ಕೆ ಅದು ಬರುವುದೂ ಇಲ್ಲ. ಆಗ ಅವಳಿಗೆ ಹೇಳಬೇಕಾದದ್ದು ಎರಡು ವಾರಕ್ಕೊಮ್ಮೆ ಸ್ಕ್ಯಾನಿಗೆ ಬಾ ಎಂಬುದಷ್ಟೇ.

ಕಾರ್ಡು ಮರುಮುದ್ರಣವಾಗಲು ಸಮಯ ಹಿಡಿಯುತ್ತದೆ ಎಂಬುದು ನಮಗೆ ಗೊತ್ತು. ಅಲ್ಲಿಯವರೆಗೆ ಒಂದು ರಬ್ಬರ್ ಮೊಹರು ಸಾಕು: ‘ಅವಳಿ — ಹೊರಪೊರೆ: ಒಂದು / ಎರಡು / ತಿಳಿಯಲಿಲ್ಲ. ಕಂಡ ಚಿಹ್ನೆ: ಲ್ಯಾಂಬ್ಡಾ / ಟಿ. ನೋಡಿದ ವಾರ: ___. ಸಹಿ.’ ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನಕ್ಕೆ ಬರುವ ಬಸುರಿಯರ ಕಾರ್ಡಿನ ಹಿಂಬದಿಯಲ್ಲಿ ಅದನ್ನು ಒತ್ತಬಹುದು. ಮೂರೂ ಜಿಲ್ಲೆಗಳ ತಾಲೂಕು ಆಸ್ಪತ್ರೆಗಳಿಗೆ ಬೇಕಾದಷ್ಟು ಮೊಹರುಗಳನ್ನು ನಮ್ಮ ಖರ್ಚಿನಲ್ಲೇ ಮಾಡಿಸಿ ಕೊಡಲು ಸಿದ್ಧರಿದ್ದೇವೆ. ಒತ್ತಲು ತಮ್ಮ ಒಂದು ಆದೇಶ ಬೇಕು.

ತಮ್ಮ ವಿಶ್ವಾಸಿಗಳು,
ಮಕ್ಕಳ ಬೆಳವಣಿಗೆ ಮತ್ತು ತಾಯಂದಿರ ಆರೈಕೆಯಲ್ಲಿ ಕೆಲಸ ಮಾಡುವವರು,
ಬೆಳಗಾವಿ